ಸಿದ್ದಮ್ಮಕ್ಕನ ಗೂಬೆಗಳು

ಜೂನ್ 1, ಭಾನುವಾರ. ದಂಡಿನಶಿವರ

ಮಹಿಳಾ ಸಂಘದ ಕಾರ್ಯದರ್ಶಿಯಾಗಿ ಒಂಬತ್ತು ವರ್ಷ ನಡಾವಳಿ ಬರೆದ ಕೈ ಇದು. ಇವತ್ತು ಆದದ್ದನ್ನು ಮಾತ್ರ ಆ ಪುಸ್ತಕದಲ್ಲಿ ಬರೆಯುವ ಹಾಗಿಲ್ಲ. ಅದಕ್ಕೇ ಈ ಹಳೆಯ ಡೈರಿ ತೆಗೆದಿದ್ದೇನೆ.

ಬಸ್ ಸ್ಟಾಂಡಿನಲ್ಲಿ ಫ್ಲೆಕ್ಸ್ ಕಟ್ಟಿದ್ದಾರೆ. ನಮ್ಮ ಯಜಮಾನರು ಯೋಗೀಶ್ ಮತ್ತು ಅವರ ಗೆಳೆಯರ ಕೆಲಸ. ನನ್ನ ದೊಡ್ಡ ಫೋಟೋ, ಪಕ್ಕದಲ್ಲಿ ತೆಂಗಿನ ಚಿಪ್ಪಿನ ಗೂಬೆ. ಕೆಳಗೆ, ‘ನೆದರ್ಲೆಂಡ್ಸ್ ದೇಶದ ಕರಕುಶಲ ಮೇಳಕ್ಕೆ ಆಯ್ಕೆಯಾದ ನಮ್ಮೂರಿನ ಹೆಮ್ಮೆಯ ಕಲಾವಿದೆ ಶ್ರೀಮತಿ ಮೀನಾ ಯೋಗೀಶ್ ಅವರಿಗೆ ಹಾರ್ದಿಕ ಶುಭಾಶಯಗಳು’.

ನಾನು ನೋಡುತ್ತಾ ನಿಂತಿದ್ದಾಗಲೇ ನಮ್ಮ ಸಂಘದ ಸಿದ್ದಮ್ಮಕ್ಕ ಸೋಗೆಯ ಹೊರೆ ಹೊತ್ತು ಬಂದಳು. ಹೊರೆ ಇಳಿಸಿ, ಕತ್ತೆತ್ತಿ ನೋಡಿದಳು.

“ನನ್ ಗೂಬೇನೂ ಹಾಕವ್ರೆ! ಏನ್ ಬರ್ದವ್ರೆ, ಓದು ಮೀನವ್ವ.”

ಅವಳಿಗೆ ಓದಲು ಬರುವುದಿಲ್ಲ. ನಾನು ಓದಿದೆ: “ದಂಡಿನಶಿವರದ ಸಿದ್ದಮ್ಮನವರು ಮಾಡಿದ ಗೂಬೆಗಳು ಹೊರದೇಶಕ್ಕೆ ಹೊರಟಿವೆ.”

ಒಂದು ಸಲವೂ ತಡವರಿಸಲಿಲ್ಲ. ಅಷ್ಟು ಚೆನ್ನಾಗಿ ಬಂತು ಸುಳ್ಳು.

“ನನ್ ಹೆಸ್ರು ಯಾವ್ದು? ಬೆರ್ಳಿಟ್ಟು ತೋರ್ಸು.”

‘ಶ್ರೀಮತಿ ಮೀನಾ ಯೋಗೀಶ್’ ಎಂದು ಬರೆದಿದ್ದ ಕಡೆ ಬೆರಳು ತೋರಿಸಿದೆ.

“ಅಯ್ಯೋ, ನನ್ ಹೆಸ್ರು ಇಷ್ಟುದ್ದ ಐತಾ!” ಎಂದು ನಕ್ಕಳು. ಬಾಯಿಗೆ ಸೆರಗು ಅಡ್ಡ ಹಿಡಿದು, ನಾಚಿಕೊಂಡು.

ಹಿಂದಿನದನ್ನೂ ಬರೆದುಬಿಡುತ್ತೇನೆ. ಕಳೆದ ವರ್ಷ ತುಮಕೂರಿನ ಒಂದು ಸಂಸ್ಥೆಯವರು ಬಂದು ನಮ್ಮ ಸಂಘದ ವಸ್ತುಗಳ ಫೋಟೋ ತೆಗೆದುಕೊಂಡರು. ಮೇಳದವರಿಗೆ ಗೂಬೆ ಹಿಡಿಸಿತು. ಅರ್ಜಿಯಲ್ಲಿ ‘ತಯಾರಿಸಿದವರ ಹೆಸರು’ ಎಂಬ ಖಾನೆ ಇತ್ತು. ಹೋಗುವವರು ಸ್ವಲ್ಪ ಇಂಗ್ಲಿಷ್ ಮಾತಾಡಬೇಕು ಎಂದಿದ್ದರು. ಸಿದ್ದಮ್ಮಕ್ಕನಿಗೆ ಇಂಗ್ಲಿಷ್ ಎಲ್ಲಿ ಬರಬೇಕು? ಅವಳು ತಿಪಟೂರು ದಾಟಿದವಳಲ್ಲ. ನಾನು ಪಿಯುಸಿ ಓದಿದವಳು. ನಾನು ನನ್ನ ಹೆಸರು ಬರೆದೆ. ಯಾರಾದರೂ ಹೋಗಲೇಬೇಕಿತ್ತಲ್ಲ, ಇಲ್ಲದಿದ್ದರೆ ಯಾರಿಗೂ ಸಿಗದೆ ಹೋಗುತ್ತಿತ್ತು. ಅವಳಿಗೆ “ಕಾರ್ಯದರ್ಶಿಯಾಗಿ ನಾನು ಹೋಗಬೇಕಂತೆ ಅಕ್ಕ” ಎಂದೆ. ಅದೂ ಪೂರ್ತಿ ಸುಳ್ಳಲ್ಲ.

ಯೋಗೀಶ್‌ಗೆ ಹೇಳಿದರೆ, “ಹೆಸ್ರು ಯಾರ್ದಾದ್ರೇನು ಬುಡು, ಊರಿಗೆ ಹೆಸ್ರು ಬಂತಲ್ಲ” ಅಂದರು. ಸರಿಯೇ ಇದೆ ಆ ಮಾತು.

ಜೂನ್ 3, ಮಂಗಳವಾರ

ಸಂಜೆ ಸಿದ್ದಮ್ಮಕ್ಕ ಗೂಬೆಗಳನ್ನು ತಂದುಕೊಟ್ಟಳು. ಹನ್ನೆರಡು. ಒಂದೊಂದನ್ನೂ ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದಾಳೆ, ಎಳೆಮಗುವಿಗೆ ಸುತ್ತಿದ ಹಾಗೆ. ತೆಂಗಿನಕಾಯಿಗೆ ಮೂರು ಕಣ್ಣಿರುತ್ತದಲ್ಲ, ಎರಡನ್ನು ಗೂಬೆಯ ಕಣ್ಣು ಮಾಡಿ, ಮೂರನೆಯದರ ಮೇಲೆ ಕೊಕ್ಕು ಬರಿಸುತ್ತಾಳೆ. ಸುತ್ತ ಗರಿ ಗರಿಯಾಗಿ ಗೀರು. ಅಂಟು ಹಾಕುವುದಿಲ್ಲ, ಬಣ್ಣ ಬಳಿಯುವುದಿಲ್ಲ.

ಹದಿಮೂರನೆಯದೊಂದು ಅರ್ಧ ಕೊರೆದದ್ದು. “ಹೆಂಗ್ ಮಾಡ್ತಾರೆ ಅಂತ ಕೇಳಿದ್ರೆ ಇದ್ನ ತೋರ್ಸವ್ವ.” ಜೊತೆಗೆ ಚಿಪ್ಪು ಉಜ್ಜುವ ಅವಳ ಅರ. ಹಿಡಿ ಸವೆದು, ಅವಳ ಹೆಬ್ಬೆರಳು ಕೂರುವಷ್ಟು ತಗ್ಗಾಗಿದೆ. ತೀರಿಹೋದ ಅವಳ ಗಂಡ ತುರುವೇಕೆರೆಯಲ್ಲಿ ಮಾಡಿಸಿಕೊಟ್ಟದ್ದಂತೆ.

“ಇದು ಬ್ಯಾಡ ಅಕ್ಕ, ನಿನಗೆ ಕೆಲಸಕ್ಕೆ ಬೇಕಲ್ಲ.”

“ಎಂಟ್ ದಿನ ಬ್ಲೇಡ್‌ನಾಗೆ ತಳ್ತೀನಿ ಬುಡು. ಗೂಬೆ ಜೊತೆ ಇದೂ ಹೋಗ್ಲಿ. ನಾನು ಹೋಗಿದ್ರೆ ಇದೂ ಬತ್ತಿರ್ಲಿಲ್ವಾ? ಕೈಚೀಲದಾಗೇ ಇಟ್ಕೊ, ಕಳ್ದೋಗ್ಬಾರ್ದು.”

ಪುಣ್ಯಕ್ಕೆ ಕರೆಂಟು ಹೋಗಿತ್ತು. ನನ್ನ ಮುಖ ಅವಳಿಗೆ ಕಾಣಲಿಲ್ಲ.

ಜೂನ್ 4, ಬುಧವಾರ. ಬೆಂಗಳೂರು ವಿಮಾನ ನಿಲ್ದಾಣ

ಯೋಗೀಶ್ ಬಾಗಿಲ ತನಕ ಬಂದು ಬಿಟ್ಟುಹೋದರು. ಅಲ್ಲಿಂದ ಮುಂದೆ ಒಬ್ಬಳೇ. ಎಲ್ಲರೂ ಹೋಗುವ ಕಡೆ ಹೋದೆ, ಎಲ್ಲರೂ ನಿಂತ ಕಡೆ ನಿಂತೆ. ಸೂಟ್‌ಕೇಸು ಪಟ್ಟಿಯ ಮೇಲೆ ಹೊರಟುಹೋಯಿತು.

ತಪಾಸಣೆಯಲ್ಲಿ ನನ್ನ ಕೈಚೀಲವನ್ನು ಬೇರೆ ಇಟ್ಟರು. ಸಮವಸ್ತ್ರದ ಹೆಂಗಸು ಅರವನ್ನು ಎತ್ತಿ ಹಿಡಿದು, “ಇದು ಒಳಗೆ ಬಿಡಲ್ಲ” ಎಂದಳು. ಬೇಡಿಕೊಂಡೆ. “ವಾಪಸ್ ಹೋಗಿ ಲಗೇಜಿಗೆ ಹಾಕಿಸಿಕೊಂಡು ಬನ್ನಿ, ಇಲ್ಲಾಂದ್ರೆ ಇಲ್ಲೇ ಬಿಡಿ” ಎಂದಳು. ಹಿಂದೆ ತಿರುಗಿ ನೋಡಿದೆ. ಸಾಲು ಕಣ್ಣು ಹರಿಯುವಷ್ಟು ದೂರ ಇತ್ತು. ವಿಮಾನ ತಪ್ಪಿಹೋದರೆ? ಅರ್ಧ ನಿಮಿಷ ಯೋಚಿಸಿದೆನೋ ಇಲ್ಲವೋ.

“ಬಿಡ್ತೀನಿ” ಅಂದೆ.

ಕತ್ತರಿ, ಲೈಟರು, ಚಾಕುಗಳು ತುಂಬಿದ್ದ ಪೆಟ್ಟಿಗೆಗೆ ಹಾಕಿದಳು. ಟಣ್ ಅಂತ ಶಬ್ದವಾಯಿತು. ಆಮೇಲೆ ಗೇಟಿಗೆ ಬಂದು ನೋಡಿದರೆ ವಿಮಾನಕ್ಕೆ ಇನ್ನೂ ಒಂದು ಗಂಟೆ ಹತ್ತು ನಿಮಿಷ ಇದೆ. ಕೂತು ಇದನ್ನು ಬರೆಯುತ್ತಿದ್ದೇನೆ. ವಾಪಸ್ ಹೋಗಿ ಬರಬಹುದಿತ್ತು. ಈಗಲೂ ಹೋಗಿ ಕೇಳಬಹುದೇನೋ.

ಹೋಗಲಿಲ್ಲ.

ಅದೇ ದಿನ, ವಿಮಾನದಲ್ಲಿ

ದುಬೈಯಲ್ಲಿ ಇಳಿದು ಎರಡನೆಯ ವಿಮಾನ ಹತ್ತಿದ್ದೇನೆ. ಇದು ಏಳು ಗಂಟೆಯ ದಾರಿ. ಮೊದಲನೆಯದು ಮೇಲೇರುವಾಗ ಹೊಟ್ಟೆ ಕೆಳಗೇ ಉಳಿದುಬಿಟ್ಟ ಹಾಗಾಯಿತು. ಎರಡೂ ಕೈಯಲ್ಲಿ ಸೀಟು ಹಿಡಿದು ಎಡೆಯೂರು ಸಿದ್ಧಲಿಂಗೇಶ್ವರನನ್ನು ನೆನೆದೆ. ನೆನೆಯುವ ಯೋಗ್ಯತೆ ಇದೆಯಾ ಅಂತಲೂ ಅನ್ನಿಸಿತು. ಕಿವಿ ಇನ್ನೂ ಬಿಟ್ಟಿಲ್ಲ, ನೀರಲ್ಲಿ ಮುಳುಗಿದವಳ ಹಾಗಿದ್ದೇನೆ. ಶೌಚಾಲಯದಲ್ಲಿ ಗುಂಡಿ ಒತ್ತಿದಾಗ ಬಂದ ಸದ್ದಿಗೆ ಬೆಚ್ಚಿ ಬಾಗಿಲು ತೆಗೆದು ಓಡಿಬಂದೆ. ಒಬ್ಬಳೇ ನಕ್ಕೆ. ಮನೆಯಲ್ಲಿದ್ದಿದ್ದರೆ ಇದನ್ನು ಮೊದಲು ಸಿದ್ದಮ್ಮಕ್ಕನಿಗೇ ಹೇಳುತ್ತಿದ್ದೆ.

ಪಕ್ಕದಲ್ಲಿ ಕೇರಳದ ನರ್ಸ್ ಒಬ್ಬರು. ಊಟದ ತಟ್ಟೆಯ ಮುಚ್ಚಳಗಳನ್ನು ಬಿಚ್ಚಿಕೊಟ್ಟರು. ಕಲ್ಲಿನಂಥ ಬನ್ನು, ಉಪ್ಪಿಲ್ಲದ ಅನ್ನ. ನನ್ನ ಕೊಬ್ಬರಿ ಮಿಠಾಯಿ ಕೊಟ್ಟೆ. ಇಷ್ಟಪಟ್ಟು ತಿಂದು, ಏನು ಕೆಲಸ ಮಾಡುತ್ತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು.

“ಐ ಆಮ್ ಆರ್ಟಿಸ್ಟ್” ಎಂದೆ.

ಅರ್ಜಿಯಲ್ಲಿ ಬರೆದಿದ್ದೆ, ಫ್ಲೆಕ್ಸಿನಲ್ಲಿ ನೋಡಿದ್ದೆ. ಬಾಯಲ್ಲಿ ಬಂದದ್ದು ಇದೇ ಮೊದಲು. ಅವರು ಕಣ್ಣರಳಿಸಿ ಫೋನಿನಲ್ಲಿ ಗೂಬೆಯ ಚಿತ್ರ ನೋಡಿದರು, “ದೇವರು ನಿಮ್ಮ ಕೈಗೆ ವರ ಕೊಟ್ಟಿದ್ದಾನೆ” ಎಂದರು. ನಾನು ಕೈಗಳನ್ನು ಕಂಬಳಿಯೊಳಗೆ ಎಳೆದುಕೊಂಡೆ.

ಕಿಟಕಿಯಾಚೆ ಸೂರ್ಯ ಮುಳುಗುತ್ತಲೇ ಇಲ್ಲ. ನಾವು ಅವನ ಹಿಂದೆಯೇ ಓಡುತ್ತಿದ್ದೇವಂತೆ. ಎಲ್ಲರೂ ಪರದೆ ಎಳೆದು ಮಲಗಿದ್ದಾರೆ. ನನಗೆ ನಿದ್ದೆ ಇಲ್ಲ.

ಜೂನ್ 5, ಗುರುವಾರ. ಉಟ್ರೆಕ್ಟ್, ನೆದರ್ಲೆಂಡ್ಸ್

ನಿನ್ನೆ ಬಂದಿಳಿದಾಗ ಗಡಿಯಾರ ರಾತ್ರಿ ಎಂಟು ತೋರಿಸುತ್ತಿತ್ತು, ಹೊರಗೆ ನಮ್ಮ ನಾಲ್ಕು ಗಂಟೆಯ ಬಿಸಿಲು. ಗಾಜಿನ ಪೆಟ್ಟಿಗೆಯಲ್ಲಿ ಕೂತಿದ್ದ ಅಧಿಕಾರಿ ಪಾಸ್‌ಪೋರ್ಟ್ ತಿರುವಿ, ಮೇಳದ ಪತ್ರ ಓದಿ, ಅದರಲ್ಲಿದ್ದ ಗೂಬೆಯ ಚಿತ್ರದ ಮೇಲೆ ಬೆರಳಿಟ್ಟು, “ಇದನ್ನು ಮಾಡಿದ್ದು ನೀವಾ?” ಎಂದು ಕೇಳಿದ. ತಮಾಷೆಗೆ ಕೇಳಿದನೋ, ತನಿಖೆಗೆ ಕೇಳಿದನೋ. “ಯೆಸ್” ಅಂದೆ. ಮುದ್ರೆ ಒತ್ತಿದ.

ಕರೆದೊಯ್ಯಲು ಬಂದಿದ್ದಾಕೆ ಆನ್ನೆಕೆ, ಮೇಳದ ಉಸ್ತುವಾರಿ. ನನ್ನಷ್ಟೇ ವಯಸ್ಸು, ನನಗಿಂತ ಒಂದು ಮೊಳ ಎತ್ತರ. ನನ್ನ ಸೂಟ್‌ಕೇಸನ್ನು ತಾನೇ ಎಳೆದಳು. ದಾರಿಯುದ್ದಕ್ಕೂ ನೀರಿನ ಕಾಲುವೆ, ದಪ್ಪ ಹಸುಗಳು. ನೆಲ ಮಣೆಯ ಹಾಗೆ ಸಪಾಟು, ಒಂದು ಗುಡ್ಡವಿಲ್ಲ, ಒಂದು ತೆಂಗಿಲ್ಲ. ಹಾಸಿಗೆಗೆ ಬಿದ್ದಾಗ ಹತ್ತೂವರೆ. ಆಗಲೂ ಬೆಳಕಿತ್ತು.

ಇವತ್ತು ಮಳಿಗೆ ತೋರಿಸಿದರು. ಮೇಲೆ ಮರದ ಹಲಗೆಯಲ್ಲಿ ನನ್ನ ಹೆಸರು ಕೆತ್ತಿದ್ದಾರೆ. ಬರೆದದ್ದಲ್ಲ, ಕೆತ್ತಿದ್ದು.

ಜೂನ್ 6, ಶುಕ್ರವಾರ

ಮೇಳ ಶುರುವಾಯಿತು. ಜನ ಗೂಬೆಗಳ ಮುಂದೆ ಬಗ್ಗಿ ಬಗ್ಗಿ ನೋಡಿದರು. ಮುದುಕರೊಬ್ಬರು ಒಂದನ್ನು ಎತ್ತಿ ಕೆನ್ನೆಗೆ ಒತ್ತಿಕೊಂಡರು. ಎಷ್ಟು ದಿನ ಬೇಕು, ಯಾರು ಕಲಿಸಿದರು, ಮೊದಲ ಗೂಬೆ ಯಾವಾಗ ಮಾಡಿದಿರಿ. ಎಲ್ಲಕ್ಕೂ ಉತ್ತರ ಹೇಳಿದೆ. ಸಿದ್ದಮ್ಮಕ್ಕನ ಜಗಲಿಯಲ್ಲಿ ಕೂತು ನೋಡಿದ್ದನ್ನೆಲ್ಲ ‘ನಾನು’ ಎಂದು ಹೇಳುವುದು, ಅಷ್ಟೇ. ಕಷ್ಟವೇನಿಲ್ಲ.

ಮಧ್ಯಾಹ್ನ ಪಕ್ಕದ ಮಳಿಗೆಯ ಹೆಂಗಸು ಬಂದಳು. ಘಾನಾ ದೇಶದವಳು, ಹುಲ್ಲಿನ ಬುಟ್ಟಿ ಹೆಣೆಯುತ್ತಾಳೆ. ಗೂಬೆಯನ್ನು ತಿರುಗಿಸಿ ತಿರುಗಿಸಿ ನೋಡಿ, ಖುಷಿಯಿಂದ ನನ್ನ ಕೈ ಹಿಡಿದು ಕುಲುಕಿದಳು. ಕುಲುಕುತ್ತಿದ್ದವಳು ನಿಂತಳು. ನನ್ನ ಅಂಗೈ ಮೇಲೆ ಮಾಡಿ ಹೆಬ್ಬೆರಳಿನಿಂದ ಸವರಿ ನೋಡಿದಳು. ಅವಳ ಬೆರಳುಗಳು ಸಿದ್ದಮ್ಮಕ್ಕನ ಬೆರಳಿನ ಹಾಗೆಯೇ ಒರಟು, ಸೀಳು ಸೀಳು. ನನ್ನ ಮುಖ ನೋಡಿ, ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಹೋಗಿ ತನ್ನ ಬುಟ್ಟಿಯ ಮುಂದೆ ಕೂತಳು.

ಬೈದಿದ್ದರೂ ಚೆನ್ನಾಗಿತ್ತು.

ಜೂನ್ 7, ಶನಿವಾರ

ನಾಳೆ ಮೂರು ಗಂಟೆಗೆ ಎಲ್ಲರೆದುರು ಅರ್ಧ ಗಂಟೆ ಕೆತ್ತಿ ತೋರಿಸಬೇಕಂತೆ. ಪಟ್ಟಿಯಲ್ಲಿ ನನ್ನ ಹೆಸರಿದೆ. ತಲೆನೋವು ಅಂದೆ. ಆನ್ನೆಕೆ ಮಾತ್ರೆ ತಂದುಕೊಟ್ಟಳು. ಸಲಕರಣೆ ಇಲ್ಲ ಅಂದೆ. ಹೊಸ ಅರ, ಉಳಿ, ಸ್ಯಾಂಡ್ ಪೇಪರ್ ಎಲ್ಲ ತಂದಿಟ್ಟಳು. ಒಳ್ಳೆಯವಳು.

ಯೋಗೀಶ್ ಫೋನು ಮಾಡಿ, “ಸುಮ್ನೆ ಉಜ್ಜು ಕಣೇ, ಅವ್ರಿಗೇನ್ ಗೊತ್ತಾಗ್ತದೆ” ಎಂದರು. ಸಿದ್ದಮ್ಮಕ್ಕ ದಿನಾ ಮನೆ ಹತ್ತಿರ ಬಂದು, “ಮೀನವ್ವ ಉಂಡ್ಲಂತಾ? ಅಲ್ಲಿ ಚಳಿ ಅಂತಾ?” ಎಂದು ಕೇಳಿಕೊಂಡು ಹೋಗುತ್ತಾಳಂತೆ. ಗೂಬೆಗಳ ಬಗ್ಗೆ ಕೇಳಲಿಲ್ಲವೇ ಎಂದೆ. “ಇಲ್ಲ, ನಿನ್ನೇ ಕೇಳಾದು.”

ಜೂನ್ 8, ಭಾನುವಾರ

ಅಕ್ಷರ ಸೊಟ್ಟ ಬರುತ್ತಿದೆ. ಆದರೂ ಬರೆಯಬೇಕು.

ಐವತ್ತು ಅರವತ್ತು ಜನ ಸುತ್ತ ಕೂತಿದ್ದರು. ಸಿದ್ದಮ್ಮಕ್ಕ ಕೊಟ್ಟ ಅರ್ಧ ಗೂಬೆಯನ್ನು ಮಂಡಿಯ ಮೇಲಿಟ್ಟುಕೊಂಡೆ. ಅವಳು ಇಡುವುದು ಹಾಗೇ. ಮೊದಲು ಸುಮ್ಮನೆ ಹೊರಮೈ ಉಜ್ಜಿದೆ. ಹತ್ತು ನಿಮಿಷ ಕಳೆಯಿತು. ಮುಂದೆ ಕೂತಿದ್ದವರು ಯಾರೋ ಕೊಕ್ಕು ಹೇಗೆ ಬರುತ್ತದೆ ತೋರಿಸಿ ಎಂದರು. ಉಳಿ ಇಟ್ಟು ಒತ್ತಿದೆ. ಜಾರಿತು. ಇನ್ನೊಮ್ಮೆ ಒತ್ತಿದೆ. ಚಿಪ್ಪು ಕಣ್ಣಿನಿಂದ ಕೆಳತನಕ ಸೀಳಿ ಎರಡು ಹೋಳಾಯಿತು.

ಯಾರೂ ನಗಲಿಲ್ಲ. ಪಾಪ, ಇದು ಆಗುವುದೇ ಎಂಬಂತೆ ಒಂದಿಬ್ಬರು ಚಪ್ಪಾಳೆಯನ್ನೂ ತಟ್ಟಿದರು. ಚಪ್ಪಾಳೆ ಕೇಳಿ ತಡೆಯಲಾಗಲಿಲ್ಲ. ಎದ್ದು ನಿಂತೆ.

“ಐ ನಾಟ್ ಮೇಕ್. ನಾಟ್ ಒನ್. ಸಿದ್ದಮ್ಮ ಮೇಕ್. ಸಿದ್ದಮ್ಮ ಇಸ್ ಇನ್ ಮೈ ವಿಲೇಜ್. ಐ ರೋಟ್ ಮೈ ನೇಮ್.”

ಪಿಯುಸಿ ಇಂಗ್ಲಿಷು ಅಷ್ಟೇ ಬಂತು. ಆಮೇಲೆ ಕನ್ನಡದಲ್ಲೇ ಏನೇನೋ ಹೇಳಿ ಅತ್ತುಬಿಟ್ಟೆ. ಅರ್ಥವಾಗದಿದ್ದರೂ ಎಲ್ಲರೂ ಸುಮ್ಮನೆ ಕೂತು ಕೇಳಿದರು. ಘಾನಾದ ಹೆಂಗಸು ಬಂದು ನೆಲದ ಮೇಲಿದ್ದ ಹೋಳುಗಳನ್ನು ಆರಿಸಿ ಸೀರೆಯ ತುಂಡಿನಲ್ಲಿ ಕಟ್ಟಿಕೊಟ್ಟಳು.

ಆನ್ನೆಕೆ ಒಳಗೆ ಕರೆದು ಬಾಗಿಲು ಹಾಕಿದಳು. ಕೂಗಾಡಲಿಲ್ಲ. ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ಹೇಳಿದಳು: ಈ ಮೇಳ ವಸ್ತುಗಳನ್ನು ಕೈಯಾರೆ ತಯಾರಿಸುವವರದ್ದು, ಬೇರೆಯವರದ್ದಲ್ಲ. ನಿಮ್ಮ ಸಂಸ್ಥೆಗೆ ಬರೆದು ತಿಳಿಸಲೇಬೇಕು. ನಿಮಗೆ ಪ್ರಮಾಣಪತ್ರ ಕೊಡಲಾಗುವುದಿಲ್ಲ. ಗೂಬೆಗಳು ಇರಲಿ, ನೀವು ಮಳಿಗೆಯಲ್ಲಿ ಕೂರುವುದು ಬೇಡ.

“ಬೋರ್ಡ್?” ಎಂದು ಕೇಳಿದೆ.

ಹಲಗೆ ಇಳಿಸಿದರು. ಸಿದ್ದಮ್ಮ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದು ಎಂದು ಆನ್ನೆಕೆ ಕಾಗದ ಮುಂದಿಟ್ಟಳು. ಬರೆದುಕೊಟ್ಟೆ. ಎರಡು ಸಲ ಸರಿ ನೋಡಿ ಕೊಟ್ಟೆ.

ಜೂನ್ 9, ಸೋಮವಾರ

ಬೆಳಿಗ್ಗೆ ಯೋಗೀಶ್‌ಗೆ ಫೋನು ಮಾಡಿ ಎಲ್ಲ ಹೇಳಿದೆ. “ಬಾಯ್ ಮುಚ್ಕೊಂಡು ಬರಕಾಗ್ತಿರ್ಲಿಲ್ವಾ? ಊರ್ ತುಂಬಾ ಫ್ಲೆಕ್ಸ್ ಹಾಕ್ಸಿವ್ನಿ ನಾನು” ಎಂದು ರೇಗಿದರು. ಸಿದ್ದಮ್ಮಕ್ಕನಿಗೆ ಫೋನು ಕೊಡಿ ಅಂದೆ. ಬೈದುಕೊಳ್ಳುತ್ತಲೇ ಅವಳ ಮನೆಗೆ ನಡೆದು ಕೊಟ್ಟರು.

“ಮೀನವ್ವಾ! ಉಂಡ್ಯಾ?”

ಮೊದಲಿಂದ ಹೇಳಿದೆ. ಅರ್ಜಿ, ಫ್ಲೆಕ್ಸು, ನಾನು ಓದಿದ ಸುಳ್ಳು, ನಿನ್ನೆಯದು. ಆ ಕಡೆ ಕೋಳಿ ಕೂಗುವುದು ಕೇಳುತ್ತಿತ್ತು.

“ಅಕ್ಕಾ, ಇದ್ದೀಯಾ?”

“ಬಸ್ ಸ್ಟಾಂಡ್‌ನಾಗೆ ತೋರ್ಸಿದ್ಯಲ್ಲ, ಅದು ನಿನ್ ಹೆಸ್ರಾ?”

“ಹೂಂ ಅಕ್ಕ.”

“ನಾನು ದಿನಾ ಅದ್ರ ಮುಂದೆ ನಿಂತು ನೋಡ್ಕಂಡು ಬತ್ತಿದ್ದೆ ಕಣೇ.”

ಅರದ ವಿಷಯವನ್ನೂ ಹೇಳಿದೆ. ಮುಚ್ಚಿಟ್ಟು ಏನು ಮಾಡಲಿ.

“ಅದು ಅವ್ರ್ ಕೈಲಿಂದ ಬಂದಿದ್ದು” ಎಂದಳು. ಅವಳ ಧ್ವನಿ ಅಷ್ಟು ಸಣ್ಣಗೆ ಆದದ್ದು ನಾನು ಕೇಳಿಲ್ಲ. “ಹೆಸ್ರ್ ಹೋದ್ರೆ ಇನ್ನೊಂದು ಗೂಬೆ ಮಾಡ್ಬೋದು. ಅದ್ನ ಎಲ್ಲಿಂದ ತರ್ಲಿ?”

ಕ್ಷಮಿಸು ಅಂದೆ.

“ನಿಂಗೆ ಬೈಬೇಕು. ಫೋನ್‌ನಾಗೆ ಬೈದ್ರೆ ನಂಗೆ ಸಮಾಧಾನ ಆಗಲ್ಲ. ಬಾ.” ಫೋನು ಯೋಗೀಶ್ ಕೈಗೆ ಹೋಯಿತು.

ಜೂನ್ 12, ಗುರುವಾರ. ದಂಡಿನಶಿವರ

ನಿನ್ನೆ ಬಂದೆ. ವಾಪಸ್ ಬರುವಾಗಿನ ವಿಮಾನದ ಬಗ್ಗೆ ಏನೂ ನೆನಪಿಲ್ಲ. ಬೆಂಗಳೂರಲ್ಲಿ ಇಳಿದೊಡನೆ ತಪಾಸಣೆಯವರನ್ನು ಹುಡುಕಿ ಅರದ ಬಗ್ಗೆ ಕೇಳಿದೆ. ಅಂಥವೆಲ್ಲ ಆವತ್ತಾವತ್ತೇ ವಿಲೇವಾರಿ ಎಂದರು. ಇನ್ನೊಬ್ಬರನ್ನು ಕೇಳಿದೆ. ಅದೇ ಉತ್ತರ.

ಬಸ್ಸಿಳಿದವಳೇ ಹಗ್ಗ ಬಿಚ್ಚಿ ಫ್ಲೆಕ್ಸ್ ಇಳಿಸಿದೆ. ಹೋಟೆಲಿನ ರಂಗನಾಥ್, “ಯಾಕ್ರೀ ಮೀನಾ, ಚೆನ್ನಾಗಿತ್ತಲ್ರೀ” ಎಂದರು. ಗೂಬೆ ಮಾಡಿದ್ದು ನಾನಲ್ಲ ರೀ, ಸಿದ್ದಮ್ಮಕ್ಕ ಅಂದೆ. ಸಂಜೆಯ ಹೊತ್ತಿಗೆ ಊರಿಗೆಲ್ಲ ಗೊತ್ತಾಗಿತ್ತು.

ಸಿದ್ದಮ್ಮಕ್ಕನ ಬಾಗಿಲು ಹಾಕಿತ್ತು. ಒಳಗೆ ಚಿಪ್ಪು ಉಜ್ಜುವ ಸದ್ದು ಕೇಳುತ್ತಿತ್ತು. ಕರೆದೆ. ಸದ್ದು ನಿಂತಿತು. ಬಾಗಿಲು ತೆಗೆಯಲಿಲ್ಲ.

ಜೂನ್ 15, ಭಾನುವಾರ

ಸಂಘದ ಸಭೆ. ನಡಾವಳಿಯಲ್ಲಿ ಎಲ್ಲವನ್ನೂ ಬರೆದು ಗಟ್ಟಿಯಾಗಿ ಓದಿದೆ. ತುಮಕೂರಿನ ಸಂಸ್ಥೆಯಿಂದ ಪತ್ರ ಬಂದಿದೆ, ಇನ್ನು ಮೂರು ವರ್ಷ ನಮ್ಮ ಸಂಘದ ಹೆಸರನ್ನು ಎಲ್ಲಿಗೂ ಕಳಿಸುವುದಿಲ್ಲವಂತೆ. ನನ್ನಿಂದ ಇಪ್ಪತ್ತು ಹೆಂಗಸರಿಗೆ ಶಿಕ್ಷೆ. ಕಾರ್ಯದರ್ಶಿ ಕೆಲಸ ಬಿಟ್ಟೆ. ಬೇಡ ಎಂದು ಯಾರೂ ಹೇಳಲಿಲ್ಲ. ಸಿದ್ದಮ್ಮಕ್ಕ ಸಭೆಗೆ ಬಂದಿರಲಿಲ್ಲ.

ಜೂನ್ 16, ಸೋಮವಾರ

ಬೈದಳು. ಬೆಳಿಗ್ಗೆ ಕೊಳಾಯಿ ಹತ್ತಿರ, ಎಲ್ಲರೆದುರು, ನನ್ನ ಬಿಂದಿಗೆ ತುಂಬಿ ಹರಿಯುವ ತನಕ. ನಿಂತು ಕೇಳಿದೆ. ಆಮೇಲೆ ಅವಳಿಗೇ ಉಸಿರು ಹತ್ತಿ ಕೊಳಾಯಿಕಟ್ಟೆಯ ಮೇಲೆ ಕೂತಳು. ನಾನು ಅವಳ ಬಿಂದಿಗೆ ಎತ್ತಿಕೊಡಲು ಹೋದೆ. “ಮುಟ್ಬ್ಯಾಡ” ಎಂದಳು.

ಜೂನ್ 24, ಮಂಗಳವಾರ

ಇವತ್ತು ಮೇಳದಿಂದ ಸಿದ್ದಮ್ಮಕ್ಕನ ಹೆಸರಿಗೆ ಒಂದು ಲಕೋಟೆ ಬಂತು, ನಮ್ಮ ಮನೆಯ ವಿಳಾಸಕ್ಕೆ. ಪ್ರಮಾಣಪತ್ರವೇ ಇರಬೇಕು. ಲಕೋಟೆ ಒಡೆಯದೆ ತೆಗೆದುಕೊಂಡು ಹೋದೆ. ಬಾಗಿಲು ತೆರೆದಿತ್ತು. ಲಕೋಟೆ ಈಸಿಕೊಂಡು ಪಕ್ಕಕ್ಕಿಟ್ಟಳು. “ನಯನ ಟೀಚರ್ ಕೈಲಿ ಓದುಸ್ಕಂತೀನಿ” ಎಂದಳು. ನಯನ ಎದುರು ಮನೆಯ ಅಂಗನವಾಡಿ ಟೀಚರು.

ಜಗಲಿಯ ಅಂಚಿನಲ್ಲಿ ಕೂತೆ. ಹೊಸ ಅರದಲ್ಲಿ ಕೆಲಸ ಮಾಡುತ್ತಿದ್ದಳು, ಬೆರಳಿಗೆ ಬಟ್ಟೆ ಸುತ್ತಿಕೊಂಡಿದ್ದಳು. ಮುಂದೆ ಮೂರು ಹೊಸ ಗೂಬೆ. ಒಂದು ಮಗುಚಿ ಬಿದ್ದಿತ್ತು. ಅದರ ಅಡಿಯಲ್ಲಿ ಅಕ್ಷರ ಕೊರೆದಿತ್ತು, ಮಕ್ಕಳು ಸ್ಲೇಟಿನ ಮೇಲೆ ಬರೆದ ಹಾಗೆ ದೊಡ್ಡ ದೊಡ್ಡದಾಗಿ.

“ಬರೆಯೋದು ಕಲಿತ್ಯಾ ಅಕ್ಕ?”

“ಟೀಚರ್ ಹೇಳ್ಕೊಡ್ತೈತೆ. ನನ್ ಹೆಸ್ರು ನಾನೇ ಹಾಕ್ಕಂತೀನಿ. ಯಾರ್ನೂ ಕೇಳಲ್ಲ ಇನ್ನ.” ತಲೆ ಎತ್ತದೆ ಹೇಳಿದಳು.

ಮೂರರ ಅಡಿಯಲ್ಲೂ ‘ಸಿದ್ದಮ’ ಎಂದಿತ್ತು. ಮ ಒತ್ತು ಬಿಟ್ಟುಹೋಗಿತ್ತು. ಹೇಳಲೋ ಬೇಡವೋ ಎಂದು ತುಂಬಾ ಹೊತ್ತು ಕೂತೆ. ಆ ಹೆಸರಿನ ಬಗ್ಗೆ ಮಾತಾಡಲು ನಾನು ಯಾರು? ಆದರೆ ಸುಮ್ಮನಿದ್ದರೆ ಅದೂ ಒಂದು ಸುಳ್ಳೇ ಅಲ್ಲವೇ?

“ಅಕ್ಕ, ಒಂದು ಒತ್ತು ಬಿಟ್ಟೋಗೈತೆ. ಮ ಕೆಳಗೆ ಇನ್ನೊಂದು ಮ ಬರಬೇಕು.”

ಉಜ್ಜುವುದು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ಗೂಬೆಯನ್ನು ಸೆರಗಿನಲ್ಲಿ ಹಾಕಿಕೊಂಡು ಎದ್ದು, ಬೀದಿ ದಾಟಿ ನಯನ ಟೀಚರ ಮನೆಗೆ ಹೋದಳು. ನಾನು ಒಬ್ಬಳೇ ಕೂತಿದ್ದೆ. ಎದ್ದು ಹೋಗಿಬಿಡೋಣ ಅನ್ನಿಸಿತು.

ಸ್ವಲ್ಪ ಹೊತ್ತಿಗೆ ವಾಪಸ್ ಬಂದಳು. ಕೂತು, ಗೂಬೆಯನ್ನು ಮಂಡಿಯ ಮೇಲೆ ಮಗುಚಿಟ್ಟು, ಉಳಿ ತೆಗೆದುಕೊಂಡು ಒತ್ತು ಕೊರೆಯತೊಡಗಿದಳು. ಚಿಪ್ಪಿನ ಪುಡಿ ನನ್ನ ಸೀರೆಯ ಮೇಲೂ ಬೀಳುತ್ತಿತ್ತು.

ನಾನು ಕೂತೇ ಇದ್ದೆ. ಅವಳು ಹೋಗು ಅನ್ನಲಿಲ್ಲ.